ಪಡುವಲಕ್ಕೆ ಹೋದ ಗಾಡಿ: ಒಂದು ಒಕ್ಕಲು ಮನೆತನದ ಬೇರು ಹುಡುಕಿಕೊಂಡು

ಇವತ್ತಿನ ಸಂಚಿಕೆ ಶುರು ಮಾಡೋ ಮುಂಚೆ ಒಂದು ಪ್ರಶ್ನೆ. ನಿಮ್ಮ ತಾತನ ಹೆಸರು ಗೊತ್ತು. ತಾತನ ಅಪ್ಪನ ಹೆಸರು? ಸರಿ, ಅದೂ ಗೊತ್ತಿರಬಹುದು. ತಾತನ ಅಜ್ಜಿಯ ಹೆಸರು?

ನನಗೂ ಗೊತ್ತಿರಲಿಲ್ಲ. ಹೋದ ವರ್ಷ ತಾತ ತೀರಿಕೊಂಡ ಮೇಲೆ ಜಮೀನಿನ ಪೌತಿ ಖಾತೆ ಮಾಡಿಸಬೇಕಿತ್ತು. ಸತ್ತವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸೋದಕ್ಕೆ ನಮ್ಮ ಕಡೆ ಪೌತಿ ಅಂತಾರೆ. ಅದಕ್ಕೆ ವಂಶವೃಕ್ಷ ಬೇಕು. ಅಪ್ಪ ಒಂದು ಬಿಳಿ ಹಾಳೆ ತಗೊಂಡು ಸ್ಕೇಲ್ ಇಟ್ಟು ಗೆರೆ ಎಳೆದು ಬರೆದರು. ಮೇಲೆ ತಾತ, ಕೆಳಗೆ ಮೂರು ಗಂಡು ಮಕ್ಕಳು, ಅವರ ಕೆಳಗೆ ನಾವು. ನಾನು ಓದಿದ್ದು ಬಿ.ಕಾಂ. ಲೆಕ್ಕ ತಾಳೆ ಆಗದೆ ಇದ್ದರೆ ಕಣ್ಣಿಗೆ ಚುಚ್ಚುತ್ತೆ. ತಾತನಿಗೆ ಐದು ಜನ ಮಕ್ಕಳು. ಹಾಳೆ ಮೇಲೆ ಮೂರೇ ಹೆಸರು.

"ಅಪ್ಪ, ಅತ್ತೆಯಂದಿರ ಹೆಸರು?"

"ಅವ್ರು ಕೊಟ್ಟ ಹೆಣ್ಮಕ್ಳು ಕಣ್ ಮಗ. ಅವ್ರದ್ಯಾಕೆ ಈಗ?"

ಈ ಕಥೆ ಶುರುವಾಗಿದ್ದು ಅಲ್ಲಿಂದ.

ನಮ್ಮೂರು ಕೆ.ಆರ್.ಪೇಟೆ ತಾಲ್ಲೂಕು. ನಮ್ಮ ಮನೇಲಿ ಒಂದು ಕಥೆ ಇದೆ. ನಿಮ್ಮ ಮನೇಲೂ ಇಂಥದ್ದೊಂದು ಇದ್ದೇ ಇರುತ್ತೆ. ನನ್ನ ಮುತ್ತಾತನ ಅಪ್ಪ, ಎಲ್ಲರೂ 'ಹಿರೀ ತಾತ' ಅಂತ ಕರೆಯೋರು, ಜೋಡೆತ್ತಿನ ಗಾಡಿ ಕಟ್ಟಿಕೊಂಡು, ಹೆಂಡತಿ ಮಕ್ಕಳನ್ನ ಕೂರಿಸಿಕೊಂಡು, ಪಡುವಲಕ್ಕೆ ಬಂದರಂತೆ. ಕಾರೆಗಿಡ, ಕಳ್ಳಿ ಎಲ್ಲ ಕಡಿದು ಹೊಲ ಮಾಡಿದರಂತೆ. ಪಡುವಲು ಅಂದ್ರೆ ಪಶ್ಚಿಮ. ಮೂಡಲು ಅಂದ್ರೆ ಪೂರ್ವ. ಗೂಗಲ್ ಮ್ಯಾಪ್ ಬರೋ ಮುಂಚೆ ನಮ್ಮ ಕಡೆ ಊರು, ಹೊಲ, ಕೊಪ್ಪಲು ಎಲ್ಲಕ್ಕೂ ದಿಕ್ಕೇ ವಿಳಾಸ.

ಆದರೆ ಎಲ್ಲಿಂದ ಬಂದರು? ಯಾವಾಗ ಬಂದರು? ಯಾಕೆ ಬಂದರು? ಇದಕ್ಕೆ ಮನೇಲಿ ಯಾರ ಹತ್ರನೂ ಉತ್ತರ ಇರಲಿಲ್ಲ.

ಹೊರದೇಶದಲ್ಲಿ ವಂಶ ಹುಡುಕೋರಿಗೆ ಹಳೇ ಜನಗಣತಿ ಹಾಳೆಗಳು ಸಿಗುತ್ತವೆ. ಅದರಲ್ಲಿ ಮನೆಮಂದಿಯ ಹೆಸರು, ವಯಸ್ಸು ಎಲ್ಲ ಇರುತ್ತೆ. ನಮ್ಮಲ್ಲಿ ಜನಗಣತಿಯಿಂದ ಸಿಗೋದು ಬರೀ ಅಂಕಿ. ಮೈಸೂರು ಸಂಸ್ಥಾನದಲ್ಲಿ 1871ರಲ್ಲೇ ಗಣತಿ ಆಗಿದೆ, ಆದರೆ ಅದರಲ್ಲಿ ನಿಮ್ಮ ತಾತನ ತಾತ ಒಂದು ಸಂಖ್ಯೆ ಅಷ್ಟೇ. ಹಾಗಾಗಿ ನಮ್ಮ ದಾರಿ ಬೇರೆ. ನಾನು ಹಿಡಿದ ದಾರಿಯನ್ನ ಒಂದೊಂದಾಗಿ ಹೇಳ್ತೀನಿ.

ಮೊದಲನೇ ಸುಳಿವು ಮನೆದೇವರು. ನಾವಿರೋದು ಕೆ.ಆರ್.ಪೇಟೆ ಕಡೆ, ಆದರೆ ಮುಡಿ ಕೊಡೋದು ಆದಿಚುಂಚನಗಿರಿಯ ಭೈರವನಿಗೆ. ಅದು ನಾಗಮಂಗಲ ತಾಲ್ಲೂಕು, ನಮ್ಮೂರಿಂದ ಮೂಡಲ ದಿಕ್ಕು. ಚಿಕ್ಕವನಿದ್ದಾಗ ಇಷ್ಟು ದೂರ ಯಾಕೆ ಬರ್ತೀವಿ ಅಂತ ಬಸ್ಸಲ್ಲಿ ವಾಂತಿ ಮಾಡಿಕೊಂಡು ಅತ್ತಿದ್ದು ನೆನಪಿದೆ. ಜನ ಊರು ಬಿಡ್ತಾರೆ, ಹೊಲ ಬಿಡ್ತಾರೆ, ಮನೆದೇವರನ್ನ ಅಷ್ಟು ಸುಲಭಕ್ಕೆ ಬಿಡಲ್ಲ. ಚುಂಚನಗಿರಿಗೆ ನಡೆದುಕೊಳ್ಳೋ ಒಕ್ಕಲು ದೂರದೂರದ ತಾಲ್ಲೂಕುಗಳಲ್ಲೂ ಇದೆ, ಹಾಗಾಗಿ ಇದೊಂದೇ ಸಾಕ್ಷಿ ಆಗಲ್ಲ. ಆದರೆ ದಿಕ್ಕು ತೋರಿಸುತ್ತೆ.

ಎರಡನೇ ಸುಳಿವು ಊರಿನ ಹೆಸರು. ಮಂಡ್ಯ ಜಿಲ್ಲೆ ತುಂಬ 'ಕೊಪ್ಪಲು' ಸಿಗುತ್ತವೆ. ದೊಡ್ಡ ಊರಿಂದ ಒಂದಷ್ಟು ಮನೆತನ ಎದ್ದು ಹೋಗಿ ಹೊಲದ ಹತ್ರ ನೆಲೆ ನಿಂತರೆ ಕೊಪ್ಪಲು. ಮುಂದೆ 'ಹೊಸ' ಅಂತ ಸೇರಿಕೊಂಡಿದ್ದರೆ ಹಳೇದು ಏನಾಯ್ತು ಅಂತ ಕೇಳಲೇಬೇಕು. ಇನ್ನು ಕಂದಾಯ ದಾಖಲೆಯಲ್ಲಿ ಒಂದು ಪದ ಇದೆ, 'ಬೇಚರಾಕ್ ಗ್ರಾಮ'. ಹೆಸರಿದೆ, ಸರ್ವೆ ನಂಬರ್ ಇದೆ, ಮನುಷ್ಯರಿಲ್ಲ. ಪಾರ್ಸಿಯಲ್ಲಿ 'ಬೇ ಚಿರಾಗ್' ಅಂದ್ರೆ ದೀಪ ಇಲ್ಲದ್ದು. ದೀಪ ಹಚ್ಚೋರಿಲ್ಲದ ಊರು. ಈ ಪದ ಮೊದಲ ಸಲ ಕೇಳಿದಾಗ ಮೈ ಜುಮ್ ಅಂತು.

ಯಾಕೆ ಇಷ್ಟೊಂದು ಊರಿನ ದೀಪ ಆರಿತು? ಇಲ್ಲಿ ಸ್ವಲ್ಪ ದೊಡ್ಡ ಇತಿಹಾಸಕ್ಕೆ ಹೋಗಲೇಬೇಕು.

ಈ ನಾಲ್ಕು ತಾಲ್ಲೂಕಿನ ರೈತರು ಒಂದೇ ಕಡೆ ಬೇರುಬಿಟ್ಟು ಕೂತಿದ್ದವರಲ್ಲ. ಶ್ರೀರಂಗಪಟ್ಟಣದ ಸುತ್ತ ಚಿಕ್ಕದೇವರಾಜ ಒಡೆಯರ್ ಕಾಲದಲ್ಲಿ, ಅಂದ್ರೆ 1673ರಿಂದ 1704ರ ನಡುವೆ, ಕಾವೇರಿಯಿಂದ ನಾಲೆ ತೆಗೆದರು. ನೀರು ಬಂದ ಕಡೆ ಒಕ್ಕಲು ಬಂತು. ಆಮೇಲೆ ಯುದ್ಧ ಬಂತು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಸೈನ್ಯ ಅರಕೆರೆ ಕಡೆಯಿಂದ ಶ್ರೀರಂಗಪಟ್ಟಣದ ಮೇಲೆ ಬಂದಾಗ ಶತ್ರುವಿಗೆ ಒಂದು ಹಿಡಿ ಹುಲ್ಲೂ ಸಿಗಬಾರದು ಅಂತ ಟಿಪ್ಪು ಕಡೆಯವರು ಸುತ್ತಲ ಸೀಮೆಯನ್ನೇ ಸುಟ್ಟುಬಿಟ್ಟಿದ್ದರು. ಬ್ರಿಟಿಷರ ಎತ್ತುಗಳು ಹಸಿವಿನಿಂದ ಸತ್ತವು. ಕನ್ನಂಬಾಡಿ ಹತ್ತಿರ ಕಾರ್ನ್‌ವಾಲಿಸ್ ತನ್ನ ದೊಡ್ಡ ಫಿರಂಗಿಗಳನ್ನ ತಾನೇ ಒಡೆದು ಹಾಕಿ ವಾಪಸ್ ಹೊರಟ. ಕನ್ನಂಬಾಡಿ. ಈ ಹೆಸರು ನೆನಪಿಟ್ಟುಕೊಳ್ಳಿ. ಇತ್ತ ನಾಗಮಂಗಲವನ್ನ ಮರಾಠ ಸೈನ್ಯ ಹಾಳುಮಾಡಿತು. ನಮ್ಮ ಪಠ್ಯಪುಸ್ತಕದಲ್ಲಿ ಇದು 'ಮೂರನೇ ಮೈಸೂರು ಯುದ್ಧ', ಎರಡು ಮಾರ್ಕಿನ ಪ್ರಶ್ನೆ. ಸುಟ್ಟ ರಾಗಿ ಯಾರದ್ದು ಅಂತ ಯಾರೂ ಕೇಳಲಿಲ್ಲ.

1799ರಲ್ಲಿ ಟಿಪ್ಪು ಸತ್ತ ಮರುವರ್ಷ ಫ್ರಾನ್ಸಿಸ್ ಬುಕಾನನ್ ಅನ್ನೋ ಡಾಕ್ಟರು ಈ ಸೀಮೆಯೆಲ್ಲ ಸುತ್ತಿ ದಿನಚರಿ ಬರೆದ. ಅವನ ಲೆಕ್ಕದಲ್ಲಿ ಟಿಪ್ಪು ಕಾಲಕ್ಕೆ ಶ್ರೀರಂಗಪಟ್ಟಣ ದ್ವೀಪದಲ್ಲಿ ಸುಮಾರು ಒಂದೂವರೆ ಲಕ್ಷ ಜನ. ಅವನು ಬಂದಾಗ 32 ಸಾವಿರದಷ್ಟು. ಹಾಳುಬಿದ್ದ ಹಳ್ಳಿಗಳ ವಿಚಾರ ಅವನ ಬರವಣಿಗೆಯಲ್ಲಿ ಮತ್ತೆ ಮತ್ತೆ ಬರುತ್ತೆ.

ಆಮೇಲೆ ಬರ. ಹಳಬರ ಬಾಯಲ್ಲಿ 'ದಾತು ಬರ'. ಇಲ್ಲಿ ಒಂದು ಕೆಲಸಕ್ಕೆ ಬರೋ ಉಪಾಯ ಹೇಳ್ತೀನಿ. ಹಳಬರು ಇಸವಿ ಹೇಳಲ್ಲ, ಸಂವತ್ಸರ ಹೇಳ್ತಾರೆ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗುತ್ತೆ. ಧಾತು ಅಂದ್ರೆ 1876-77, 1936-37, 1996-97. ಈ ಮೂರರಲ್ಲಿ ಯಾವುದು ಅಂತ ಮಾತಿನ ಸಂದರ್ಭ ನೋಡಿ ಹಿಡಿಯಬೇಕು. ಧಾತು, ಈಶ್ವರ ಎರಡು ಸಂವತ್ಸರದ ಬರಕ್ಕೆ ಮುಂಚೆ, 1871ರಲ್ಲಿ, ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಸಂಖ್ಯೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಇಳಿದಿದೆ. ಉಳಿದವರು ನೀರಿದ್ದ ಕಡೆ, ಕೂಲಿ ಇದ್ದ ಕಡೆ ನಡೆದರು.

ಅಂದ್ರೆ ನಮ್ಮ ಹಿರೀ ತಾತನ ಗಾಡಿ ಯುದ್ಧಕ್ಕೆ ಹೊರಟಿದ್ದಾ, ಬರಕ್ಕೆ ಹೊರಟಿದ್ದಾ? ಅಲ್ಲಿ ನಾನು ಸಿಕ್ಕಿಹಾಕಿಕೊಂಡೆ. ಆಗ ದಾಯಾದಿ ಮನೆಯ ದೊಡ್ಡಪ್ಪ ಒಬ್ಬರು, "ಹೆಳವರನ್ನ ಕೇಳೋ" ಅಂದರು.

ಮೂರನೇ ಸುಳಿವು ಇದು. ಹೆಳವರು ಅಂದ್ರೆ ಒಕ್ಕಲು ಮನೆತನಗಳ ವಂಶಾವಳಿ ಇಟ್ಟುಕೊಂಡಿರೋ ಅಲೆಮಾರಿ ಸಮುದಾಯ. ಹಿಂದೆ ಎತ್ತಿನ ಮೇಲೆ ಕೂತು, ಗಂಟೆ ಸದ್ದು ಮಾಡಿಕೊಂಡು, ಸುಗ್ಗಿ ಮುಗಿದು ಕಣ ತುಂಬಿರೋ ಹೊತ್ತಿಗೆ ಬರೋರು. ಮನೆ ಮುಂದೆ ನಿಂತು ನಿಮ್ಮ ಹಿರೀಕರ ಹೆಸರನ್ನ ಒಂದರ ಹಿಂದೆ ಒಂದು ಹೇಳಿ, ದವಸ ಇಸ್ಕೊಂಡು, ಹೊಸದಾಗಿ ಹುಟ್ಟಿದೋರ ಹೆಸರು ಸೇರಿಸಿಕೊಂಡು ಮುಂದಿನ ಊರಿಗೆ ಹೋಗೋರು. ದಾಯಾದಿ ವ್ಯಾಜ್ಯ ಬಂದರೆ ಅವರ ಮಾತು ಸಾಕ್ಷಿ. ನಮ್ಮ ಊರಿಗೆ ಅವರು ಬರೋದು ನಿಂತು ಎಷ್ಟೋ ವರ್ಷ ಆಗಿತ್ತು. ಫೋನ್ ನಂಬರ್ ಸಿಕ್ತು. ಬಂದವರು ಎತ್ತಿನ ಮೇಲಲ್ಲ, ಬೈಕಲ್ಲಿ. ಬಟ್ಟೆಯಲ್ಲಿ ಸುತ್ತಿದ ಪುಸ್ತಕ ಒಂದು ಹೆಗಲ ಚೀಲದಲ್ಲಿ.

ಮನೆದೇವರು, ಬೆಡಗು, ಊರು ಕೇಳಿದರು. ಪುಟ ತಿರುಗಿಸಿದರು. ಆಮೇಲೆ ಪುಸ್ತಕ ನೋಡದೇ ರಾಗವಾಗಿ ಹೇಳೋಕೆ ಶುರು ಮಾಡಿದರು. ನಾನು ಫೋನಲ್ಲಿ ರೆಕಾರ್ಡ್ ಮಾಡಿದೆ. ಅವರು ಹೇಳಿದ ದಾರಿ ಇಷ್ಟು: ನಾಗಮಂಗಲ ಸೀಮೆಯಲ್ಲಿ ಮೂಲ. ಅಲ್ಲಿಂದ ಹಿರೋಡೆಗೆ. ಅಲ್ಲಿಂದ ಕನ್ನಂಬಾಡಿ ಪಕ್ಕಕ್ಕೆ. ಅಲ್ಲಿಂದ ಪಡುವಲಕ್ಕೆ, ಅತ್ತಿಕುಪ್ಪೆ ತಾಲ್ಲೂಕಿಗೆ.

ನಿಲ್ಲಿ. ಹಿರೋಡೆ ಎಲ್ಲಿದೆ? ಅತ್ತಿಕುಪ್ಪೆ ಎಲ್ಲಿದೆ? ಮ್ಯಾಪಲ್ಲಿ ಹುಡುಕಿದರೆ ತಲೆ ಕೆಡುತ್ತೆ. ಹಿರೋಡೆ ಅಂದ್ರೆ ಇವತ್ತಿನ ಪಾಂಡವಪುರ. ಹೈದರ್, ಟಿಪ್ಪು ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಬ್ರಿಟಿಷರ ಕಾಗದಪತ್ರದಲ್ಲಿ ಅದೇ ಊರು 'ಫ್ರೆಂಚ್ ರಾಕ್ಸ್'. ಅತ್ತಿಕುಪ್ಪೆ ಅಂದ್ರೆ ಇವತ್ತಿನ ಕೃಷ್ಣರಾಜಪೇಟೆ. ಮಂಡ್ಯ ಜಿಲ್ಲೆ ಅನ್ನೋದೇ ಹುಟ್ಟಿದ್ದು 1939ರಲ್ಲಿ. ಅದಕ್ಕೆ ಮುಂಚಿನ ದಾಖಲೆ ಬೇಕಿದ್ದರೆ ಮೈಸೂರು ಜಿಲ್ಲೆ ಅಂತ ಹುಡುಕಬೇಕು. ನನಗೆ ಇದು ಗೊತ್ತಾಗೋಕೆ ಎರಡು ತಿಂಗಳು ಹಿಡೀತು. ನಿಮಗೆ ಈಗ ಎರಡು ನಿಮಿಷ.

ಈಗ ಕನ್ನಂಬಾಡಿಗೆ ಬರೋಣ. 1911ರಲ್ಲಿ ಅಲ್ಲಿ ಕಾವೇರಿಗೆ ಅಡ್ಡ ಕಟ್ಟೆ ಕಟ್ಟೋ ಕೆಲಸ ಶುರುವಾಯಿತು. ಮುಖ್ಯ ಇಂಜಿನಿಯರ್ ಎಂ.ವಿಶ್ವೇಶ್ವರಯ್ಯ. ಕೆಲಸ ನಡೆಯೋವಾಗ ಅಲ್ಲೊಂದು ಪಾರ್ಸಿ ಶಾಸನ ಸಿಕ್ತು. ಟಿಪ್ಪು ಅಲ್ಲೇ ಕಟ್ಟೆ ಕಟ್ಟೋಕೆ ಯೋಚಿಸಿದ್ದ. ಆ ಕಲ್ಲು ಇವತ್ತೂ ಅಣೆಕಟ್ಟೆ ಹತ್ತಿರ ಇದೆ. ಅದರಲ್ಲಿರೋ ಒಂದು ವಿಷಯ ನಮ್ಮ ಕಥೆಗೆ ಬೇಕು. ಈ ನೀರಿಂದ ಹೊಸದಾಗಿ ಭೂಮಿ ಸಾಗುವಳಿ ಮಾಡೋರಿಗೆ ಕಂದಾಯದಲ್ಲಿ ಕಾಲು ಭಾಗ ಬಿಟ್ಟುಕೊಡ್ತೀವಿ, ಆ ಭೂಮಿ ಅವರ ವಂಶದವರಿಗೇ ಉಳಿಯುತ್ತೆ ಅನ್ನೋ ಮಾತು. ಅಂದ್ರೆ ಬೀಳು ಭೂಮಿ ಹಸನು ಮಾಡೋರನ್ನ ಕರೆಯೋಕೆ ರಾಜರು ಆಸೆ ತೋರಿಸಬೇಕಿತ್ತು. ಭೂಮಿ ಇತ್ತು, ಉಳೋ ಕೈ ಇರಲಿಲ್ಲ.

ಕಟ್ಟೆ ಎತ್ತರದ ಬಗ್ಗೆ ಮದ್ರಾಸ್ ಸರ್ಕಾರದ ಜೊತೆ ಜಗಳ. 1924ರ ಒಪ್ಪಂದ ಆದ ಮೇಲೆ ಪೂರ್ತಿ ಎತ್ತರಕ್ಕೆ ದಾರಿ ಆಯ್ತು. 1930ರ ದಶಕದ ಶುರುವಿಗೆ ಕೆಲಸ ಮುಗೀತು. ನೀರು ಒಂದೇ ರಾತ್ರಿಗೆ ಬರಲಿಲ್ಲ. ವರ್ಷದಿಂದ ವರ್ಷಕ್ಕೆ ಒಂದೊಂದು ಹೊಲ, ಒಂದೊಂದು ಊರು ನುಂಗುತ್ತಾ ಹಿಂದೆ ಹಿಂದೆ ಬಂತು. ಕನ್ನಂಬಾಡಿ ಮುಳುಗಿತು. ಅಲ್ಲಿದ್ದ ವೇಣುಗೋಪಾಲಸ್ವಾಮಿ ಗುಡಿಯೂ ಮುಳುಗಿತು. ಬರ ಬಂದು ನೀರು ತಳ ಹಿಡಿದಾಗ ಅದರ ಕಲ್ಲು ಕಾಣ್ತಿತ್ತು. ಅದನ್ನ ಬಿಚ್ಚಿ ತಂದು ಈಗ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ. ಫೋಟೋ ತೆಗೆಸಿಕೊಂಡಿರ್ತೀರಿ ನೀವೂ.

ಈಗ ಭೂಗೋಳ ಸ್ವಲ್ಪ ನೋಡಿ. ಕಟ್ಟೆಯ ಹಿನ್ನೀರು ನಿಂತಿದ್ದು ಪಡುವಲ ಕಡೆ. ನಾಲೆಯಲ್ಲಿ ನೀರು ಹರಿದಿದ್ದು ಮೂಡಲ ಕಡೆ, ಹುಲಿಕೆರೆ ಸುರಂಗ ದಾಟಿ ಮಂಡ್ಯ, ಮದ್ದೂರಿನ ಬಯಲಿಗೆ. ಆಗ ಅದರ ಹೆಸರು ಇರ್ವಿನ್ ನಾಲೆ, ಈಗ ವಿಶ್ವೇಶ್ವರಯ್ಯ ನಾಲೆ. ಕಬ್ಬು ಬಂತು. ಕೆನಡಾದಿಂದ ಬಂದಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಶ್ರಮದಿಂದ 1933ರಲ್ಲಿ ಮಂಡ್ಯದ ಮೈಷುಗರ್ ಬಂತು. ಮಂಡ್ಯ ಸಕ್ಕರೆ ನಾಡಾಯ್ತು. ನಾನು ಈ ಕಟ್ಟೆಯ ವಿರುದ್ಧ ಮಾತಾಡ್ತಿಲ್ಲ. ಅದು ಇಲ್ಲದೆ ಇದ್ದಿದ್ದರೆ ಲಕ್ಷಾಂತರ ಜನರ ತಟ್ಟೆಯಲ್ಲಿ ಅನ್ನ ಇರ್ತಿರಲಿಲ್ಲ. ಆದರೆ ಲೆಕ್ಕದ ಎರಡೂ ಬದಿ ಬರೀಬೇಕಲ್ಲ. ನಮ್ಮ ಮನೆತನದವರು ನೀರಿಗೆ ಹೊಲ ಕೊಟ್ಟು, ನೀರು ಹೋದ ದಿಕ್ಕಿಗೆ ಬೆನ್ನು ಮಾಡಿ, ಪಡುವಲದ ಒಣಭೂಮಿಗೆ ಹೋದರು. ಹೇಮಾವತಿಗೆ ಗೊರೂರಲ್ಲಿ ಅಣೆಕಟ್ಟೆ ಆಗಿ ಅದರ ನಾಲೆ ನೀರು ನಮ್ಮ ಕಡೆ ಬರೋವರೆಗೆ ಆ ಹೊಲದಲ್ಲಿ ರಾಗಿ, ಹುರುಳಿ, ಹುಚ್ಚೆಳ್ಳು ಅಷ್ಟೇ. ಗೊರೂರು ಅಣೆಕಟ್ಟೆ ಮುಗಿದಿದ್ದು 1979ರಲ್ಲಿ. ಅರ್ಧ ಶತಮಾನ ಕಾದರು.

ಇಲ್ಲಿಗೆ ಕಥೆ ಮುಗೀತು ಅಂದುಕೊಂಡಿದ್ದೆ. ನಾಗಮಂಗಲ, ಪಾಂಡವಪುರ, ಕನ್ನಂಬಾಡಿ, ಕೆ.ಆರ್.ಪೇಟೆ. ದಾರಿ ಸಿಕ್ತು. ಹಿರೀ ತಾತ ಗಾಡಿ ಹೊಡೆದಿದ್ದು ಯಾಕೆ ಅಂತನೂ ಗೊತ್ತಾಯ್ತು. ಸ್ಕ್ರಿಪ್ಟ್ ಬರೆದೆ. ರೆಕಾರ್ಡ್ ಮಾಡೋ ಮುಂಚೆ ದೊಡ್ಡಜ್ಜಿಗೆ ಒಂದು ಸಲ ಓದಿ ಹೇಳೋಣ ಅಂತ ಹೋದೆ. ದೊಡ್ಡಜ್ಜಿ ಅಂದ್ರೆ ನಮ್ಮ ತಾತನ ಅಕ್ಕ. ತೊಂಬತ್ತು ದಾಟಿದೆ. ಕಿವಿ ಮಂದ, ನೆನಪು ಚುರುಕು.

ಗಾಡಿ ವಿಚಾರ ಬಂದ ತಕ್ಷಣ ಕೈ ಎತ್ತಿ ನಿಲ್ಲಿಸಿದರು.

"ಅವ್ನೆಲ್ ಬಂದ್ನಪ್ಪ? ಅವ ಆಗ್ಲೇ ಸತ್ ಮಣ್ಣಾಗಿದ್ದ. ಕಾಳಯುಕ್ತಿ ಜ್ವರದಾಗೆ ಹೋದ. ಗಾಡಿ ಹೊಡ್ಕಂಡ್ ಬಂದೋಳು ನಮ್ಮಜ್ಜಿ ಕಣ್ ಮಗ."

ಕಾಳಯುಕ್ತಿ. ಸಂವತ್ಸರದ ಲೆಕ್ಕ ಹಾಕಿದೆ. 1918-19. ಪ್ರಪಂಚವನ್ನೆಲ್ಲ ಹಿಂಡಿದ ಇನ್‌ಫ್ಲುಯೆಂಜಾ ವರ್ಷ.

ನೆನಪು ತಪ್ಪಿರಬಹುದಲ್ಲ? ಹಾಗಾಗಿ ನಾಲ್ಕನೇ ಸುಳಿವು, ಕಾಗದ. ನಮ್ಮ ಕಡೆ ಪಹಣಿಯಲ್ಲಿ ಮನೆತನದ ಹೆಸರು ಅಂತ ಇರಲ್ಲ. ಮೊಮ್ಮಗನಿಗೆ ತಾತನ ಹೆಸರು ಇಡೋದ್ರಿಂದ ಕಾಳೇಗೌಡ ಬಿನ್ ಬೋರೇಗೌಡ, ಆಮೇಲೆ ಬೋರೇಗೌಡ ಬಿನ್ ಕಾಳೇಗೌಡ, ಮತ್ತೆ ಕಾಳೇಗೌಡ ಬಿನ್ ಬೋರೇಗೌಡ ಅಂತ ಗಾಣದೆತ್ತಿನ ಥರ ಸುತ್ತುತ್ತೆ. 'ಬಿನ್' ಅಂದ್ರೆ ಇಂಥವರ ಮಗ. 'ಕೋಂ' ಅಂದ್ರೆ ಇಂಥವರ ಹೆಂಡತಿ. ಹಳೇ ದಾಖಲೆಯ ನಕಲಿಗೆ ಅರ್ಜಿ ಹಾಕಿ, ಮೂರು ಸಲ ಅಲೆದು, ಕೊನೆಗೆ 1920ರ ದಶಕದ ಒಂದು ನಮೂದಿನ ನಕಲು ಕೈಗೆ ಬಂತು. ನಮ್ಮ ಅದೇ ಹೊಲ. ಖಾತೆದಾರರ ಹೆಸರಿನ ಜಾಗದಲ್ಲಿ ಒಬ್ಬ ಹೆಂಗಸಿನ ಹೆಸರು, ಆಮೇಲೆ 'ಕೋಂ', ಆಮೇಲೆ ಹಿರೀ ತಾತನ ಹೆಸರು.

ದೊಡ್ಡಜ್ಜಿ ನೆನಪು, ಸಂವತ್ಸರದ ಲೆಕ್ಕ, ಕಾಗದ, ಮೂರೂ ತಾಳೆ ಆಯ್ತು. ಗಂಡ ಜ್ವರಕ್ಕೆ ಹೋದ. ಹೊಲ ನೀರಿಗೆ ಹೋಯ್ತು. ಮಕ್ಕಳು ಸಣ್ಣವು, ಅದರಲ್ಲಿ ದೊಡ್ಡವನೇ ನನ್ನ ಮುತ್ತಾತ. ಆ ಹೆಣ್ಣುಮಗಳು ಗಾಡಿ ಕಟ್ಟಿದಳು, ಬಂದಳು, ಕಳ್ಳಿ ಕಡಿಸಿದಳು, ಖಾತೆ ತನ್ನ ಹೆಸರಿಗೆ ಮಾಡಿಸಿಕೊಂಡಳು. ಮಗ ದೊಡ್ಡವನಾದ ಮೇಲೆ ಖಾತೆ ಅವನಿಗೆ ಹೋಯ್ತು. ಹೆಳವರ ಪುಸ್ತಕದಲ್ಲಿ ಅವಳಿಲ್ಲ, ಅಲ್ಲಿ ಗಂಡು ಸಾಲು ಮಾತ್ರ. ಇನ್ನೆರಡು ತಲೆಮಾರು ಕಳೆಯೋ ಹೊತ್ತಿಗೆ ಮನೆಯ ಕಥೆಯಲ್ಲಿ ಗಾಡಿಯ ಹಗ್ಗ ಅವಳ ಕೈಯಿಂದ ಸತ್ತ ಗಂಡನ ಕೈಗೆ ಹೋಗಿತ್ತು. ಯಾರೂ ಬೇಕಂತ ಸುಳ್ಳು ಹೇಳಲಿಲ್ಲ. ಹೇಳ್ತಾ ಹೇಳ್ತಾ ಹಂಗಾಯ್ತು.

ಆ ನಕಲನ್ನ ಅಪ್ಪನ ಮುಂದೆ, ಅವರು ಗೆರೆ ಎಳೆದ ವಂಶವೃಕ್ಷದ ಪಕ್ಕ ಇಟ್ಟೆ. ಜೊತೆಗೆ ಕಾನೂನು ಹೇಳಿದೆ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಆಸ್ತಿ ಹಕ್ಕಿಗೆ ಕಾಯ್ದೆ ಮಾಡಿತ್ತು. ಕರ್ನಾಟಕ 1994ರಲ್ಲಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಅಂತ ತಿದ್ದುಪಡಿ ಮಾಡ್ತು, ಆದರೆ ಅದಕ್ಕೆ ಮುಂಚೆ ಮದುವೆ ಆದವರನ್ನ ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಬೇಲಿ ತೆಗೀತು. ಹುಟ್ಟಿನಿಂದಲೇ ಮಗಳಿಗೂ ಮಗನಷ್ಟೇ ಹಕ್ಕು ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಇನ್ನೊಂದು ಸಲ ಬಿಡಿಸಿ ಹೇಳ್ತು. ಅತ್ತೆಯಂದಿರ ಹೆಸರು ಬಿಟ್ಟು ವಂಶವೃಕ್ಷ ಕೊಟ್ಟರೆ ಅದು ತಪ್ಪು ಮಾಹಿತಿ.

ಅಪ್ಪ ಕಾನೂನಿನ ಮಾತಿಗೆ ಏನೂ ಹೇಳಲಿಲ್ಲ. ನಕಲನ್ನ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಹೊಸ ಹಾಳೆ ತಗೊಂಡರು. "ಚಿಕ್ಕೋಳ ಹೆಸ್ರು ಆಧಾರ್‌ನಾಗೆ ಏನೈತೆ? ನಾವ್ ಕರ್ಯೋ ಹೆಸ್ರು ಬರುದ್ರೆ ಆಯ್ತದಾ?" ಅಂತ ಕೇಳಿದರು. ಒಡಹುಟ್ಟಿದ ತಂಗಿಯ ದಾಖಲೆ ಹೆಸರು ಅಣ್ಣನಿಗೆ ಗೊತ್ತಿರಲಿಲ್ಲ.

ಈಗ ವಂಶವೃಕ್ಷದಲ್ಲಿ ಐದು ಹೆಸರಿದೆ. ಇದರಿಂದ ಎಲ್ಲ ಸರಿ ಹೋಯ್ತು ಅಂತ ಹೇಳಲ್ಲ. ಒಬ್ಬ ಅತ್ತೆ ಪಾಲು ಬೇಡ ಅಂದಿದ್ದಾರೆ. ಇನ್ನೊಬ್ಬರು, "ಯೋಚ್ನೆ ಮಾಡಿ ಹೇಳ್ತೀನಿ, ಈಗ್ಲೇ ಹಕ್ಕು ಬಿಡುಗಡೆಗೆ ಸಹಿ ಹಾಕಲ್ಲ" ಅಂದಿದ್ದಾರೆ. ಚಿಕ್ಕಪ್ಪ ನನ್ನ ಜೊತೆ ಮಾತು ಕಮ್ಮಿ ಮಾಡಿದ್ದಾರೆ. ಇತಿಹಾಸ ಹುಡುಕೋಕೆ ಹೋಗಿ ಮನೇಲಿ ಬೆಂಕಿ ಹಚ್ಚಿದ ಅಂತ ಹಬ್ಬದ ದಿನ ಕೇಳಿಸಿಕೊಂಡೆ. ಪಾಲು ಬೇಕೋ ಬೇಡವೋ ಅನ್ನೋದು ಅತ್ತೆಯಂದಿರು ಹೇಳಬೇಕಾದ ಮಾತು. ಅವರನ್ನ ಕೇಳಬೇಕು ಅಂದ್ರೆ ಮೊದಲು ಅವರ ಹೆಸರು ಹಾಳೆ ಮೇಲಿರಬೇಕು.

ನೀವೂ ಶುರು ಮಾಡ್ತೀರಾದರೆ ಮನೆದೇವರು ಎಲ್ಲಿದೆ ನೋಡಿ. ಊರಿನ ಹಳೇ ಹೆಸರು ಕೇಳಿ. ಪಹಣಿ ಜೊತೆ ಹಳೇ ಮ್ಯುಟೇಶನ್ ನಕಲಿಗೂ ಅರ್ಜಿ ಹಾಕಿ, 'ಕೋಂ' ಇರೋ ಸಾಲುಗಳನ್ನ ಬಿಡಬೇಡಿ. ಹೆಳವರು ಸಿಕ್ಕರೆ ರೆಕಾರ್ಡ್ ಮಾಡಿಕೊಳ್ಳಿ, ಅವರಿಗೆ ಸಲ್ಲಬೇಕಾದ್ದು ಕೊಡಿ. ಇದೆಲ್ಲಕ್ಕೂ ಮೊದಲು ಮನೆಯ ಹಿರೀ ಹೆಂಗಸರ ಹತ್ರ ಕೂತ್ಕೊಳ್ಳಿ. ಕಾಗದ ಇನ್ನೂ ಹತ್ತು ವರ್ಷ ಬಿಟ್ಟು ಸಿಗಬಹುದು. ಅವರು ಸಿಗಲ್ಲ.

ನಮ್ಮ ಕಡೆ ಕೆ.ಆರ್.ಎಸ್. ಅಂತ ಹಳಬರು ಯಾರೂ ಹೇಳಲ್ಲ, 'ಕನ್ನಂಬಾಡಿ ಕಟ್ಟೆ' ಅಂತಾರೆ. ಪ್ರತಿ ಮಳೆಗಾಲ ನಾವೆಲ್ಲ ಫೋನಲ್ಲಿ ನೋಡ್ತೀವಿ, ಕಟ್ಟೆ 124.80 ಅಡಿ ಮುಟ್ಟಿತಾ ಅಂತ. ಮುಟ್ಟಿದರೆ ನಾನೂ ಸ್ಟೇಟಸ್ ಹಾಕ್ತೀನಿ. ಈ ವರ್ಷ ಹಾಕುವಾಗ ಆ ನೀರಿನ ಕೆಳಗಿರೋ ಹೊಲ ಒಂದು ನೆನಪಾಗುತ್ತೆ, ಅದನ್ನ ಬಿಟ್ಟು ಎತ್ತು ಹೂಡಿದವಳೂ ನೆನಪಾಗ್ತಾಳೆ. ಅವಳ ಹೆಸರು ಈಗ ನನಗೆ ಗೊತ್ತು. ಮನೆಯವರು ಒಪ್ಪಿದ ದಿನ ನಿಮಗೂ ಹೇಳ್ತೀನಿ.

ಮುಂದಿನ ವಾರ ಸಿಗೋಣ.